ಪೇಟೆ ಬೀದಿಯ ಇಂಟರ್‌ನೆಟ್ಟೂ ನನ್ನ ತಗಡಿನ ಸೇವೆಯೂ

ದಾನ ಮಾಡಿ ಹೆಸರು ಬರೆಸದಿದ್ದರೆ, ಮಾಡಿದ್ದು ಯಾರೆಂದು ದೇವರಿಗೆ ತಾನೇ ಹೇಗೆ ಗೊತ್ತಾಗಬೇಕು? ಇದು ನಮ್ಮ ಮನೆತನದ ನಂಬಿಕೆ. ನಮ್ಮ ತಂದೆಯವರು ಬೀದಿಯ ಭಜನೆ ಮನೆಗೆ ಒಂದು ಟ್ಯೂಬ್‌ಲೈಟ್ ಕೊಟ್ಟಿದ್ದರು. ಅದರ ಮೇಲೆ ಅವರ ಹೆಸರು, ನಮ್ಮ ತಾತನ ಹೆಸರು, ಗೊಂಬೆ ಅಂಗಡಿಯ ವಿಳಾಸ ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಬರೆಸಿದ ಮೇಲೆ ಬೆಳಕು ಬರಲು ಜಾಗವೇ ಉಳಿದಿರಲಿಲ್ಲ. ಜನ ಕತ್ತಲಲ್ಲಿ ತಡಕಾಡುತ್ತಲೇ ಭಜನೆ ಮಾಡಿದರು. ದಾನಿ ಯಾರೆಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ.

ಇಂಥ ವಂಶದಲ್ಲಿ ಹುಟ್ಟಿದ ನಾನು, ಚನ್ನಪಟ್ಟಣದ ಪೇಟೆ ಬೀದಿಗೆ ಪುಕ್ಕಟೆ ಇಂಟರ್‌ನೆಟ್ ಬಂದಾಗ ಸುಮ್ಮನಿರಲು ಸಾಧ್ಯವೇ? ಸುತ್ತಮುತ್ತ ಫ್ಯಾಕ್ಟರಿಗಳೆದ್ದು ಬಿಡದಿಯವರೆಲ್ಲ ಇಂಗ್ಲಿಷಿನಲ್ಲೇ ಕೆಮ್ಮಲು ಶುರುಮಾಡಿದ್ದ ಕಾಲ. ನಾವೇನು ಕಡಿಮೆ ಎಂದು ವರ್ತಕರೆಲ್ಲ ಸೇರಿ, ನನ್ನ ಅಂಗಡಿ ಎದುರಿನ ಕಂಬಕ್ಕೆ ಒಂದು ಬಿಳಿ ಡಬ್ಬಿ ಕಟ್ಟಿಸಿದೆವು. ತಂತಿಯೇ ಇಲ್ಲದೆ ಗಾಳಿಯಲ್ಲಿ ಇಂಟರ್‌ನೆಟ್ ಬರುತ್ತದಂತೆ. ಉದ್ಘಾಟನೆಯಲ್ಲಿ ಭಾಷಣ ಮಾಡಿದವರು ಇನ್ನು ಪ್ರಪಂಚವೇ ನಮ್ಮ ಬೀದಿಗೆ ಬರುತ್ತದೆ ಎಂದರು. ಬಂದರೆ ಪ್ರಪಂಚ ಗಾಡಿ ಎಲ್ಲಿ ನಿಲ್ಲಿಸಬೇಕೆಂದು ಯಾರೂ ಯೋಚಿಸಲಿಲ್ಲ. ನನಗಂತೂ ಖುಷಿ ಒಂದು ತೂಕ ಹೆಚ್ಚೇ. ಕಂಬದ ಆಚೆ ಬದಿಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದವನು ನನ್ನ ಬಾಮೈದ ನಾಗರಾಜ. "ಇನ್ನು ನಿನ್ನ ಅಂಗಡೀಲಿ ಕಡ್ಲೆಪುರಿ ಮಾರ್ಕೊ ಕಣ್ಲಾ" ಎಂದು ಅವನು ಊಟಕ್ಕೆ ಬಂದಾಗಲೆಲ್ಲ ಹೇಳುತ್ತಿದ್ದೆ. ಅವನು ಇನ್ನೊಂದು ಮುದ್ದೆ ಹಾಕಿಸಿಕೊಂಡು ನುಂಗುತ್ತಿದ್ದ.

ಡಬ್ಬಿ ಪಾಪ ಬಿಸಿಲು ಮಳೆಗೆ ಬೋಳಾಗಿ ನಿಂತಿರುವುದನ್ನು ನೋಡಿ ನನ್ನ ಕರುಳು ಚುರುಕ್ ಎಂದಿತು. ಸುತ್ತಲೂ ಮುಚ್ಚುವಂಥ ತಗಡಿನ ಗೂಡು ಮಾಡಿಸಿದೆ. 'ಸೇವಾರ್ಥ: ಪುಟ್ಟಸ್ವಾಮಿ ಮತ್ತು ಕುಟುಂಬದವರು, ಗೊಂಬೆ ವ್ಯಾಪಾರಿಗಳು' ಎಂದು ನಾಲ್ಕೂ ಕಡೆ ಬರೆಸಿ, ಡಬ್ಬಿಯ ಮೇಲೆ ಕೂರಿಸಿ, ನಿಂಬೆಹಣ್ಣು ಕಟ್ಟಿ ಕಾಯಿ ಒಡೆದೆವು. ಅವತ್ತಿನಿಂದ ಇಂಟರ್‌ನೆಟ್ ನಾಪತ್ತೆ. ಡಬ್ಬಿ ಕೊಟ್ಟವರನ್ನು ಬೈದೆವು, ಮೋಡವನ್ನು ಬೈದೆವು, ಕೊನೆಗೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದು ಇನ್ನೊಂದು ನಿಂಬೆಹಣ್ಣು ಕಟ್ಟಿದೆವು.

ಅಷ್ಟರಲ್ಲಿ ಬೆಂಗಳೂರಿನ ದೊಡ್ಡ ಅಂಗಡಿಯೊಂದರಿಂದ ಫೋನ್ ಬಂತು. ದಸರೆಗೆ ಗೊಂಬೆ ಬೇಕಂತೆ. ಸಂಜೆಯೊಳಗೆ ಮೇಲ್‌ನಲ್ಲಿ ಫೋಟೊ ಬರದಿದ್ದರೆ ಬೇರೆಯವರಿಗೆ ಹೇಳುತ್ತಾರಂತೆ. ಅಂಥ ಆರ್ಡರ್ ನಮ್ಮಪ್ಪನ ಕಾಲದಲ್ಲೂ ಬಂದಿರಲಿಲ್ಲ. ತಪ್ಪಿಹೋದರೆ ಗೊಂಬೆಗೆ ಅರಗು ಹಚ್ಚುವ ನಮ್ಮ ಕೆಲಸಗಾರರಿಗೆ ಹಬ್ಬದವರೆಗೂ ಕೈಗೆ ಕೆಲಸವಿಲ್ಲ. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಎತ್ತಿಕೊಂಡು ಕಂಬಕ್ಕೆ ಪ್ರದಕ್ಷಿಣೆ ಹಾಕಿದೆ. ಏನೂ ಬರಲಿಲ್ಲ. ಹೊತ್ತು ಇಳಿಯುತ್ತಿತ್ತು. ಮಾನ ಬದಿಗಿಟ್ಟು ಬಾಮೈದನ ಸೈಬರ್ ಮೆಟ್ಟಿಲು ಹತ್ತಿದೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಜನ. ನಾಗರಾಜ ಯಾರನ್ನೋ ಎಬ್ಬಿಸಿ ನನಗೆ ಕುರ್ಚಿ ಕೊಟ್ಟ, ಫೋಟೊ ಕಳಿಸಿಕೊಟ್ಟ, ಟೀ ತರಿಸಿದ. ಆರ್ಡರ್ ಉಳಿಯಿತು. ಆಮೇಲೆ ಮೆಲ್ಲಗೆ ಹೇಳಿದ: "ಹಂಗೆ ತಗಡು ಮುಚ್ಚುದ್ರೆ ಸಿಗ್ನಲ್ ಆಚೆ ಬರಾಕಿಲ್ಲ ಭಾವ. ಅವತ್ತೇ ಗೊತ್ತಿತ್ತು ನಂಗೆ."

"ಮತ್ತೆ ಬಾಯ್ಬುಡಾಕೆ ಏನಾಗಿತ್ಲಾ ನಿಂಗೆ?"

"ಅಷ್ಟು ಆಸೆಯಿಂದ ಹೆಸರು ಬರೆಸಿದ್ರಿ. ತೆಗೀರಿ ಅನ್ನಾಕೆ ಮನಸು ಬರ್ನಿಲ್ಲ."

ಮರುದಿನ ಏಣಿ ತರಿಸಿದೆ. ಹತ್ತಿದೆ ಕೂಡ. ಹತ್ತಿರದಿಂದ ನೋಡಿದರೆ ಅಕ್ಷರಗಳು ಬಲು ಮುದ್ದಾಗಿದ್ದವು. ಧೂಳು ಒರೆಸಿ, ಒಣಗಿದ್ದ ನಿಂಬೆಹಣ್ಣು ಬದಲಾಯಿಸಿ ಇಳಿದುಬಂದೆ. ಈಗ ಮೇಲ್ ನೋಡಲು ದಿನಾ ನಾಗರಾಜನ ಅಂಗಡಿಗೇ ಹೋಗುತ್ತೇನೆ. ಕಿಟಕಿ ಪಕ್ಕದ ಕುರ್ಚಿ ನನಗೇ ಮೀಸಲು. ಅಲ್ಲಿಂದ ನನ್ನ ಹೆಸರು ತುಂಬ ಚೆನ್ನಾಗಿ ಕಾಣುತ್ತದೆ.