ಇಟಲಿ ಹೆಸರಿನ ಕಾಫಿ, ಸಿಂಗಸಂದ್ರದ ಹುಡುಗಿ

ಬೋರ್ಡಿನ ಮೇಲಿರುವ ಹೆಸರೆಲ್ಲ ಇಟಲಿಯವು, ಮುಂದೆ ನಿಂತು ಓದುವವರು ನಮ್ಮವರು. ಹೀಗಿರುವಾಗ ಪ್ರಸಂಗಗಳಿಗೆ ಬರ ಎಲ್ಲಿ? ಎಲೆಕ್ಟ್ರಾನಿಕ್ ಸಿಟಿಯ ಒಂದು ಟೆಕ್ ಪಾರ್ಕಿನ ಕಾಫಿ ಕೌಂಟರಿನಲ್ಲಿ ನಾನು ಮಷೀನಿನ ಹಿಂದೆ ನಿಲ್ಲುವವಳು. ನಗಬಾರದು ಅಂತ ಟ್ರೈನಿಂಗಿನಲ್ಲೇ ಹೇಳಿಕೊಟ್ಟಿದ್ದಾರೆ. ಆದ್ದರಿಂದ ಇವನ್ನೆಲ್ಲ ಗಂಭೀರವಾಗಿಯೇ ಹೇಳುತ್ತೇನೆ.

ರುಚಿಗೆ ಕೊಟ್ಟಿದ್ದು

ಈ ಪಾರ್ಕಿನ ಒಂದು ಮೂಲೆ ಹಿಂದೆ ರಾಗಿ ಹೊಲವಾಗಿತ್ತಂತೆ. ಆ ಹೊಲದ ಯಜಮಾನರು ಒಂದು ದಿನ ಬಿಳಿ ಪಂಚೆ ಉಟ್ಟು, ಮೊಮ್ಮಗಳ ಆಫೀಸು ನೋಡಲು ಬಂದಿದ್ದರು. ಅವಳು ಮೀಟಿಂಗ್ ಮುಗಿಸಿ ಬರುವವರೆಗೆ ಕಾಯಬೇಕಿತ್ತು. ನನ್ನ ಹತ್ತಿರ ಬಂದು, ಬೋರ್ಡಿನತ್ತ ಕೈ ತೋರಿಸಿ, "ಆ ಮೊದಲನೇದೇ ಕೊಡವ್ವ" ಅಂದರು.

ಮೊದಲನೆಯದು ಎಸ್ಪ್ರೆಸೊ. ಗೊಂಬೆ ಆಟದ ಲೋಟದಷ್ಟಿರುವ ಕಪ್ಪನ್ನು ಕೊಟ್ಟೆ. ಒಂದೇ ಗುಟುಕಿಗೆ ಖಾಲಿ ಮಾಡಿ, "ರುಚಿ ಚೆಂದಾಗೈತೆ. ಇನ್ನು ಕಾಫಿ ಕೊಡು" ಅಂದರು.

"ಅದೇ ಕಾಫಿ ತಾತ. ಅಷ್ಟೇ ಅದು."

ಅವರು ಖಾಲಿ ಕಪ್ಪನ್ನು ನೋಡಿದರು. ಗಾಜಿನಾಚೆ ನಿಂತಿದ್ದ ಕಟ್ಟಡವನ್ನೂ ಸ್ವಲ್ಪ ಹೊತ್ತು ನೋಡಿದರು.

"ನಮ್ಮ ಹೊಲದ ದುಡ್ಡೂ ಇಂಗೇ ಕಣವ್ವ. ರುಚಿ ನೋಡೋದ್ರೊಳಗೆ ಮುಗ್ದೋಯ್ತು."

ಮಚ್ಚಾ ಯಾರು?

ನಮ್ಮ ಬಿಲ್ಲಿಂಗಿಗೆ ಹೊಸದಾಗಿ ಒಬ್ಬರು ಅಕ್ಕ ಬಂದಿದ್ದರು. ಮಾತು ಕಡಿಮೆ, ಮರ್ಯಾದೆ ಮುಖ್ಯ ಅನ್ನುವವರು. ಮೊದಲ ದಿನವೇ ಒಬ್ಬ ಹುಡುಗ ಇಯರ್‌ಫೋನ್ ತೆಗೆಯದೆ ಬಂದು, "ಮಚ್ಚಿಯಾಟೊ" ಅಂದ.

ಅಕ್ಕನ ಮುಖ ಕೆಂಪಾಯಿತು. "ನೋಡಪ್ಪ, ನಿನ್ನ ಫ್ರೆಂಡ್ಸನ್ನ ಕರೆಯೋ ಹಾಗೆ ನನ್ನ ಮಚ್ಚಾ ಗಿಚ್ಚಾ ಅಂತ ಕರೀಬೇಡ. ನಂಗೆ ನಿಮ್ಮಮ್ಮನ ವಯಸ್ಸು."

ಹುಡುಗ ಹೆದರಿ ಇಯರ್‌ಫೋನ್ ಕಿತ್ತುಕೊಂಡ. ನಾನು ನಡುವೆ ಬಂದು, ಎಸ್ಪ್ರೆಸೊ ಮೇಲೆ ಒಂದು ಚಮಚ ಹಾಲಿನ ನೊರೆ ಇಟ್ಟರೆ ಅದಕ್ಕೆ ಆ ಹೆಸರು ಅಂತ ತಿಳಿಸಿದೆ. ಅಕ್ಕನಿಗೆ ತುಂಬ ಬೇಜಾರಾಯಿತು. ತಪ್ಪು ತಿದ್ದಿಕೊಳ್ಳೋಣ ಅಂತ, ಕಾಫಿ ಆದ ಕೂಡಲೇ ತಾವೇ ಟ್ರೇ ಹಿಡಿದು ಪ್ರೀತಿಯಿಂದ ಕೂಗಿದರು: "ಮಚ್ಚಾ ಯಾರಪ್ಪಾ? ಬಾ, ರೆಡಿ ಆಯ್ತು!"

ಅಲ್ಲಿ ಕೂತಿದ್ದ ಹುಡುಗರೆಲ್ಲ ಎದ್ದು ನಿಂತರು.

ನಿದ್ದೆ ಬರುವ ಕಾಫಿ

ಒಬ್ಬರು ಸಾರ್ ಬರುತ್ತಿದ್ದರು. ಯಾವಾಗಲೂ ಡಬಲ್ ಶಾಟ್, ಸಕ್ಕರೆ ಇಲ್ಲ. ಒಂದು ಮಧ್ಯಾಹ್ನ ಕೊರಳಿನಲ್ಲಿ ಐಡಿ ಕಾರ್ಡ್ ಇಲ್ಲದೆ ಬಂದರು. ಕೆಲಸ ಹೋಗಿರುವ ವಿಷಯ ನನಗೆ ಗೊತ್ತಾಗಿಹೋಯಿತು. ಆ ವಾರ ಅಂಥ ಕೊರಳುಗಳನ್ನು ಬಹಳ ನೋಡಿದ್ದೆ.

"ಇಷ್ಟು ವರ್ಷ ನಿದ್ದೆ ಬರಬಾರದು ಅಂತ ಕುಡಿದೆ ಕಣಮ್ಮ. ನಿದ್ದೆ ಬರೋ ಥರದ್ದು ಏನಾದ್ರೂ ಇದೆಯಾ?"

ಡಿಕ್ಯಾಫ್ ಇದೆ ಸಾರ್, ಕೆಫೀನ್ ತೆಗೆದಿರ್ತಾರೆ ಅಂದೆ. "ತೆಗೆದುಹಾಕಿರೋದಾ? ಹಾಗಾದ್ರೆ ನಂಗೆ ಸರಿಹೋಗುತ್ತೆ, ಕೊಡು" ಅಂದರು. ನಗಬೇಕೋ ಬೇಡವೋ ತಿಳಿಯದೆ ತಲೆ ತಗ್ಗಿಸಿ ಮಾಡಿಕೊಟ್ಟೆ. ಕಿಟಕಿ ಪಕ್ಕ ಕೂತು ಅರ್ಧ ಕುಡಿದು, ಎದ್ದು ಬಂದರು.

"ಏನಾಯ್ತು ಸಾರ್?"

"ನಿದ್ದೆ ಬರ್ಲಿಲ್ಲಮ್ಮ, ಅಳು ಬಂತು. ಮಾಮೂಲಿದೇ ಕೊಟ್ಬಿಡು, ಇಂಟರ್‌ವ್ಯೂಗೆ ಓದ್ಕೋಬೇಕು."

ಇಲ್ಲೇನಾ, ಪಾರ್ಸಲ್ಲಾ?

ಇದು ನನ್ನದೇ. ಒಂದು ಸಂಬಂಧ ಆಗಲೇ ತಪ್ಪಿತ್ತು. "ಹುಡುಗಿ ಹೋಟ್ಲಲ್ಲಿ ಕಾಫಿ ಕೊಡ್ತಾಳಂತೆ" ಅಂತ ಆ ಮನೆಯವರು ಫೋನಿನಲ್ಲೇ ಮುಗಿಸಿದ್ದರು. ಆ ದಿನ ಅಪ್ಪ ಊಟ ಮಾಡಿರಲಿಲ್ಲ. ಹಾಗಾಗಿ ಚಿಕ್ಕಬಾಣಾವರದಿಂದ ಇನ್ನೊಂದು ಮನೆಯವರು ನನ್ನನ್ನು ನೋಡಲು ಸಿಂಗಸಂದ್ರದ ನಮ್ಮ ಮನೆಗೆ ಬರುವ ಭಾನುವಾರ ಅಮ್ಮ ಕಟ್ಟುನಿಟ್ಟಾಗಿ ಹೇಳಿದಳು: "ಕಂಪನೀಲಿ ಕೆಲಸ ಅಂದಿದ್ದೀನಿ. ಕಾಫಿ ಕೊಟ್ಟು ಸುಮ್ನೆ ನಿಂತ್ಕೋ. ಬಾಯಿ ಬಿಡಬೇಡ."

ಹುಡುಗನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಜೊತೆಗೆ ಅವನ ತಾಯಿ, ಅಜ್ಜಿ ಬಂದಿದ್ದರು. ಟ್ರೇ ಹಿಡಿದು ಹುಡುಗನ ಮುಂದೆ ನಿಂತೆ. ಅವನು ಕತ್ತೆತ್ತಿ ನೋಡಿದ. ಅಷ್ಟೇ, ದಿನಾ ಕೌಂಟರಿನಲ್ಲಿ ಹೇಳುವ ಮಾತು ತಾನಾಗಿ ಬಾಯಿಂದ ಬಂದುಬಿಟ್ಟಿತು:

"ಇಲ್ಲೇ ಕುಡೀತೀರಾ ಸಾರ್, ಪಾರ್ಸಲ್ಲಾ?"

ಅಮ್ಮ ಕಣ್ಣು ಮುಚ್ಚಿಕೊಂಡಳು. ಅಪ್ಪ ನೆಲ ನೋಡಿದರು. ಹುಡುಗ ಗಾಬರಿಯಲ್ಲಿ, "ಇಲ್ಲೇ ಮೇಡಂ" ಅಂದ.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಾನು ಕಾಫಿ ಕೌಂಟರಿನಲ್ಲಿ ಕೆಲಸ ಮಾಡೋದು. ಆ ಕೆಲಸ ನಂಗೆ ಇಷ್ಟ" ಅಂದೆ. ಹುಡುಗನ ತಾಯಿ ಅಮ್ಮನನ್ನು ನೋಡಿದರು. ಅಷ್ಟರಲ್ಲಿ ಅಜ್ಜಿ ಕೇಳಿದರು: "ಅಲ್ಲಿ ಏನೇನು ಮಾಡ್ತೀಯವ್ವ?"

"ಮಷೀನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸ್ತೀವಿ ಅಜ್ಜಿ, ಅದು ಎಸ್ಪ್ರೆಸೊ. ಬಿಸಿನೀರು ಬೆರೆಸಿದ್ರೆ ಅಮೆರಿಕಾನೊ. ಹಾಲು ಜಾಸ್ತಿ ಹಾಕಿದ್ರೆ ಲಾಟೆ. ಹಾಲು ಕಮ್ಮಿ ಮಾಡಿ ನೊರೆ ಜಾಸ್ತಿ ಮಾಡಿದ್ರೆ ಕ್ಯಾಪುಚಿನೊ. ಚಾಕೊಲೇಟ್ ಬಿದ್ರೆ ಮೋಕಾ."

"ಅಂದ್ರೆ ಡಿಕಾಕ್ಷನ್ ಒಂದೇ, ಸವಾಸ ಬ್ಯಾರೆ ಬ್ಯಾರೆ" ಅಂದರು ಅಜ್ಜಿ. ಆಮೇಲೆ ನಿಧಾನವಾಗಿ ಲೋಟ ಖಾಲಿ ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನನ್ನು ಮಗ್ಗುಲಿಗೆ ಕೂರಿಸಿಕೊಂಡು ಕೈ ಹಿಡಿದರು.

"ಕೇಳಿದ್ಯಲ್ಲವ್ವ, ಯೋಳ್ತೀನಿ ಕೇಳು. ಕಾಫಿ ಇಲ್ಲೇ ಕುಡುದ್ವಿ. ನಿಂಗೆ ಒಪ್ಪಿಗೆ ಇದ್ರೆ, ನಿನ್ನ ಪಾರ್ಸಲ್ ತಗೊಂಡೋಯ್ತೀವಿ."