ಆಗಲ್ಲ ಸಾಹೇಬರ ಒಂದೇ ಗುಂಡಿ

ನಮ್ಮ ನೀರು ಸರಬರಾಜು ಕಚೇರಿಯ ಕಡತಗಳೆಲ್ಲ ಹಳೇ ಪ್ರೋಗ್ರಾಮಿನಿಂದ ಹೊಸ ಪ್ರೋಗ್ರಾಮಿಗೆ ಸುರಕ್ಷಿತವಾಗಿ ನಕಲಾಗಿವೆ ಎಂಬುದನ್ನು ಸಕಲರ ಗಮನಕ್ಕೆ ತರಲಾಗಿದೆ. ಸುತ್ತೋಲೆಯಲ್ಲಿ ಗೊಂದಲವಿರಲಿಲ್ಲ: ‘ಕಡತಗಳ ಮೇಲೆ ಯಾರಿಗೆ ಯಾವ ಅನುಮತಿ ಇತ್ತೋ, ಅದು ಹೊಸದರಲ್ಲೂ ಯಥಾವತ್ತಾಗಿ ಇರತಕ್ಕದ್ದು. ಒಮ್ಮೆಯೂ ಬಳಸದ ಅನುಮತಿಗಳನ್ನು ಕೈಬಿಡತಕ್ಕದ್ದು.’ ಕಂಪ್ಯೂಟರಿನವನು ಹಾಗೇ ಮಾಡಿದ. ಪಾಪ, ಹೇಳಿದಷ್ಟು ಮಾಡುವವನು.

ಹಳೇದರಲ್ಲಿ ಯಾರೂ ಹೆಸರು ಬದಲಿಸಿರಲಿಲ್ಲ; ಹೀಗಾಗಿ ಕಚೇರಿಯ ಅರ್ಜಿಗಳನ್ನೆಲ್ಲ ವಿಲೇವಾರಿ ಮಾಡುವ ಅನುಮತಿ ಹೋದ ವರ್ಷ ನಿವೃತ್ತರಾದ ‘ಆಗಲ್ಲ ಸಾಹೇಬ’ರಿಗೇ ಉಳಿಯಿತು. ಬೇರೆ ಯಾರು ಮುಟ್ಟಿದರೂ ಕಡತ ತೆರೆಯದು. ಮೇಲಧಿಕಾರಿಗಳು ತಲೆ ಕೆಡಿಸಿಕೊಳ್ಳಲಿಲ್ಲ. ಕಂಪ್ಯೂಟರನ್ನೂ ಗುಮಾಸ್ತನಾದ ನನ್ನನ್ನೂ ಸಾಹೇಬರ ಮನೆಗೆ ಸಾಗಿಸಿ, ಸೊಸೆಯ ಹೊಲಿಗೆ ಯಂತ್ರದ ಪಕ್ಕ ಕೂರಿಸಿದರು.

ಆ ಮನೆಗೆ ನಲ್ಲಿಯೇ ಇರಲಿಲ್ಲ. ಸೇವೆಯಲ್ಲಿದ್ದಾಗ ಸ್ವಂತ ಮನೆಯ ಅರ್ಜಿಯನ್ನೂ ಸಾಹೇಬರೇ ತಿರಸ್ಕರಿಸಿದ್ದರು. ಪಕ್ಷಪಾತ ಅಂತ ಯಾರೂ ಬೆರಳು ತೋರಿಸಬಾರದಲ್ಲ! ಬೀದಿ ಕೊನೆಯಿಂದ ದಿನಾ ಕೊಡ ಹೊತ್ತು ಸೊಸೆಯ ಸೊಂಟ ಬಿದ್ದುಹೋಗಿತ್ತು.

“ಮಾವ, ಈಗಲಾದ್ರೂ ನಮ್ಮ ಅರ್ಜಿಗೆ ಒಪ್ಪಿಗೆ ಕೊಡಿ. ಇಲ್ಲಾಂದ್ರೆ ನಾಳೆಯಿಂದ ನಿಮ್ಮ ಟೀಗೆ ನೀರು ನೀವೇ ಹೊತ್ತುಕೊಂಡು ಬನ್ನಿ,” ಎಂದಳು.

ಟೀ ಎಂದಕೂಡಲೇ ಸಾಹೇಬರು ಕರಗಿಹೋದರು. ಕನ್ನಡಕ ಏರಿಸಿ ನೋಡಿದರೆ ಪರದೆಯ ಮೇಲೆ ಒಂದೇ ಗುಂಡಿ: ‘ತಿರಸ್ಕರಿಸು’. ಕಂಪ್ಯೂಟರಿನವನನ್ನು ಕರೆಸಿದೆವು.

“‘ಅಂಗೀಕರಿಸು’ ಎಲ್ಲಯ್ಯಾ?”

“ಅದನ್ನ ನೀವು ಸರ್ವೀಸಿನಲ್ಲಿ ಒಂದು ಸಲಾನೂ ಒತ್ತಿಲ್ಲ ಸಾರ್. ಬಳಸದ ಅನುಮತಿ, ಬಿಟ್ಟುಹೋಯ್ತು.”

“ಅಯ್ಯೋ, ಸರಿಮಾಡು ಮಾರಾಯ!”

“ಒಂದು ನಿಮಿಷದ ಕೆಲಸ. ಆದ್ರೆ ಅನುಮತಿ ಬೇಕು. ಅರ್ಜಿ ನಿಮಗೇ ಕಳಿಸಿದ್ದೀನಿ, ನೋಡಿ.”

ಬಂದ ಅರ್ಜಿ ಅದೇ ದಿನ ವಿಲೇವಾರಿಯಾಗಬೇಕೆಂಬುದು ನಿಯಮ. ಸಾಹೇಬರು ನಿಟ್ಟುಸಿರು ಬಿಟ್ಟು ಇದ್ದ ಗುಂಡಿಯನ್ನೇ ಒತ್ತಿದರು. ಅರ್ಜಿ ತಿರಸ್ಕೃತವಾಯಿತು.

“ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ. ಇಲ್ಲಿ ಪೂಜಾರಿ ರೆಡಿ, ಗುಂಡಿನೇ ಇಲ್ಲ!” ಎಂದ ಸೊಸೆ, ಹೊಲಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಅಣ್ಣಾ, ಇನ್ನೊಂದು ಅರ್ಜಿ ಹಾಕಿ. ನಮ್ಮ ಮನೆಗೆ ಯಾವ ಕಾರಣಕ್ಕೂ ನಲ್ಲಿ ಕೊಡಬಾರದು ಅಂತ,” ಎಂದಳು.

ಸಾಹೇಬರು ತಿರಸ್ಕರಿಸಿದರು. ನಲ್ಲಿ ಕೊಡಬಾರದೆಂಬ ಕೋರಿಕೆ ತಿರಸ್ಕೃತವಾದ್ದರಿಂದ, ಕೊಡುವುದು ಕಚೇರಿಯ ಕರ್ತವ್ಯವಾಯಿತು. ಮರುದಿನ ಬೆಳಿಗ್ಗೆಯೇ ಪೈಪಿನವರು ಬಂದರು. ಮೊದಲ ಕೊಡ ತುಂಬುವಾಗ ಸೊಸೆ ಕಣ್ಣೊರೆಸಿಕೊಂಡಳು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ವಾರದೊಳಗೆ ಪ್ರಕಟಣೆ ಹೊರಬಿತ್ತು: ‘ಸಾರ್ವಜನಿಕರು ತಮಗೆ ಬೇಕಾದುದನ್ನು ಬೇಡವೆಂದೇ ಕೋರತಕ್ಕದ್ದು. ಬೇಕೆಂದು ಬರೆದವರ ಹೊಣೆ ಕಚೇರಿಯದಲ್ಲ.’

ಯಾರೂ ತಕರಾರು ತೆಗೆಯಲಿಲ್ಲ. ಬೀದಿಗೆ ಬೀದಿಯೇ ನೀರು ಬೇಡವೆಂದು ಸಾಲುಗಟ್ಟಿತು. ಮೇಲಧಿಕಾರಿಗಳು ಬಡ್ತಿ ಬೇಡವೆಂದರು, ಕಂಪ್ಯೂಟರಿನವನು ಸಂಬಳ ಏರಿಸಬೇಡಿ ಎಂದ. ನನ್ನದೂ ಒಂದು ಅರ್ಜಿಯಿದೆ, ಅದು ಇಲ್ಲಿ ಅಪ್ರಸ್ತುತ. ಗುಂಡಿ ಸರಿಮಾಡುವ ಮಾತನ್ನು ಈಗ ಯಾರೂ ಎತ್ತುವುದಿಲ್ಲ.

ಮೊನ್ನೆ ಸಂಜೆ ಸಾಹೇಬರು ಒತ್ತಿ ಒತ್ತಿ ದಣಿದ ಬೆರಳಿನ ನೆಟಿಕೆ ಮುರಿಯುತ್ತ, “ಅಮ್ಮಾ, ನನಗೆ ಟೀ ಬೇಡ,” ಎಂದರು.

“ಆಗಲ್ಲ ಮಾವ,” ಎಂದು ಸೊಸೆ ಲೋಟದ ತುಂಬ ಟೀ ತಂದಿಟ್ಟಳು.