ನಿಂಜಾಗಳ ಮದುವೆ ಮಾತುಕತೆ

ನೋಡಿ, ಪೆನ್ನು ಹಿಡಿದು ಒಂದು ಸಾಲು ಆಗಿಲ್ಲ, ಒಳಗಿನಿಂದ ಅತ್ತೆ ಮತ್ತೆ ಕೂಗಿದರು. ಎದ್ದು ಹೋದರೆ ಕೆಲಸವೇನೂ ಇಲ್ಲ. "ಸದ್ದೇ ಇಲ್ವಲ್ಲ, ಏನ್ ಮಾಡ್ತಿದ್ದೀಯ ಅಂತ ಕೂಗ್ದೆ" ಅಂದರು. ಚಳ್ಳಕೆರೆಯ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಯಾವ ಸಿನಿಮಾದ ಕೊನೆಯನ್ನೂ ನೋಡಿಲ್ಲ. ಆದರೆ ಇಂಥ ಅಡ್ಡಿಗಳ ಮಧ್ಯೆಯೇ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಟೀವಿಯಲ್ಲಿ ನಿಂಜಾಗಳು ಬರುತ್ತಿದ್ದ ಕಾಲದ ಮಾತು ಇದು.

ಗೋಡೆ ಹಾರಿದ್ದು

ಅದೊಂದು ಜಪಾನಿನ ಕಾರ್ಟೂನು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹುಡುಗರು ಮಾಳಿಗೆಯಿಂದ ಮಾಳಿಗೆಗೆ ಹಾರಿ, ಕತ್ತಿ ಹಿಡಿದು ಹೊಡೆದಾಡುವ ಕತೆ. ಓಣಿಯ ಹೈಸ್ಕೂಲು ಮಕ್ಕಳೆಲ್ಲ ಸಂಜೆಯಾದರೆ ನಮ್ಮ ಟೀವಿ ಮುಂದೆ. ಒಂಬತ್ತನೇ ಕ್ಲಾಸಿನ ನನ್ನ ನಾದಿನಿ ಎಲ್ಲರಿಗಿಂತ ಮುಂದೆ.

ಪಕ್ಕದ ಮನೆಯಾಕೆ ಆಂಧ್ರದ ಗಡಿಯ ರಾಂಪುರದ ಕಡೆಯವಳು. ಒಂದು ದಿನ ಅವಳ ಮಗ ನಿಂಜಾನಂತೆ ನಮ್ಮ ಕಾಂಪೌಂಡು ಹಾರಿ ಕೈ ಮುರಿದುಕೊಂಡ. ಆಕೆ ನೇರ ಅತ್ತೆಯ ಹತ್ತಿರ ಬಂದಳು. "ಅಮ್ಮಾರೆ, ಬೆಳೆಯೋ ಹುಡುಗ್ರು ನೋಡೋ ಕತೇನಾ ಅದು? ನೀವೇ ಹೇಳ್ರಿ."

ಅತ್ತೆ ಯೋಚಿಸಿ ತೀರ್ಮಾನ ಕೊಟ್ಟರು. "ಒಂದ್ ವಾರ ನಾನೇ ಕೂತು ನೋಡ್ತೀನಿ. ಕೆಟ್ಟದ್ದು ಅನ್ನಿಸ್ತೋ, ಕೇಬಲ್ ವೈರೇ ಕಿತ್ತಾಕಿಸ್ತೀನಿ."

ನಾದಿನಿ ಅಳತೊಡಗಿದಳು. ಪಕ್ಕದ ಮನೆಯಾಕೆ ಗೆದ್ದ ಮುಖ ಮಾಡಿಕೊಂಡು ಹೋದಳು. ಅವಳ ಮನೆ ಟೀವಿಗೂ ನಮ್ಮ ವೈರಿನಿಂದಲೇ ಒಂದು ಕವಲು ಎಳೆದಿದ್ದರೆಂಬುದು ಆಗ ಅವಳಿಗೂ ನೆನಪಾಗಲಿಲ್ಲ, ನಾನೂ ನೆನಪಿಸಲಿಲ್ಲ. ಕೈ ಮುರಿದ ಹುಡುಗ ಮಾತ್ರ ಕಟ್ಟು ಹಾಕಿಸಿಕೊಂಡು ಬಂದವನೇ ಕೇಳಿದ್ದು, "ಇವತ್ತು ಯಾರು ಗೆದ್ರು?"

ತೆಲುಗು ಬಲ್ಲವಳು

ಅತ್ತೆ ನ್ಯಾಯಕ್ಕೆ ಕೂತರು. ಆದರೆ ನಿಂಜಾಗಳು ಮಾತಾಡುತ್ತಿದ್ದದ್ದು ತೆಲುಗಿನಲ್ಲಿ. ನಮ್ಮ ಕೇಬಲ್ಲಿನವನು ಆಂಧ್ರದ ಚಾನೆಲ್ಲುಗಳನ್ನೇ ಹೆಚ್ಚು ಕೊಡುತ್ತಿದ್ದ. ಅತ್ತೆಗೆ ತೆಲುಗು ಬಾರದು. ನಾನು ಹುಟ್ಟಿ ಬೆಳೆದದ್ದು ಮೊಳಕಾಲ್ಮೂರಿನಲ್ಲಿ. ಅಲ್ಲಿ ಜಗಳ ಕನ್ನಡದಲ್ಲಿ ಶುರುವಾದರೆ ತೆಲುಗಿನಲ್ಲಿ ಮುಗಿಯುತ್ತದೆ. ಹೀಗಾಗಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅತ್ತೆ ನನ್ನನ್ನು ನೋಡಲು ಬಂದಾಗ ನಡೆಸಿ ಕಾಲು ನೋಡಿದ್ದರು, ಅಕ್ಕಿ ಆರಿಸಲು ಕೊಟ್ಟು ಕಣ್ಣು ನೋಡಿದ್ದರು. ಹತ್ತನೇ ಪಾಸು ಅಂದಾಗ "ಸಾಕು ಬಿಡ್ರಿ" ಅಂದಿದ್ದರು. ತೆಲುಗು ಬರುತ್ತದಾ ಎಂದು ನನ್ನನ್ನು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ನನ್ನನ್ನು ಏನೂ ಕೇಳಲಿಲ್ಲ.

ಮದುವೆಯಾಗಿ ಬಂದ ಮೇಲೆ ತವರಿನ ಆ ಮಾತು ಕಿವಿಗೆ ಬೀಳುತ್ತಿದ್ದದ್ದು ಕೇಬಲ್ಲಿನಿಂದಲೇ. ಪಕ್ಕದ ಮನೆಯಾಕೆಯ ಜೊತೆ ತೆಲುಗು ಮಾತಾಡಿದರೆ, ತಮ್ಮ ಮೇಲೇ ಚಾಡಿ ಹೇಳುತ್ತಿದ್ದೇವೆಂದು ಅತ್ತೆಗೆ ಅನುಮಾನ. ಅನುಮಾನ ನಿಜವೇ ಆಗಿದ್ದರಿಂದ ಬಿಟ್ಟಿದ್ದೆವು. ಈಗ ಕೇಬಲ್ಲೂ ಹೋದರೆ ನನಗೆ ಉಳಿಯುವುದು ಕುಕ್ಕರಿನ ಕೂಗು ಒಂದೇ.

ಆದ್ದರಿಂದ ಮೊದಲ ದಿನವೇ ನಿರ್ಧರಿಸಿದೆ: ನಿಂಜಾಗಳು ಏನೇ ಅನ್ನಲಿ, ನಾನು ಒಳ್ಳೆಯದನ್ನೇ ಹೇಳುವುದು.

ನಿಷ್ಠೆ

ನಿಂಜಾ ಹೊಡೆಯುವ ಮೊದಲು ಎರಡೂ ಕೈಯ ಬೆರಳು ಹೆಣೆದು, ಕಣ್ಣು ಮುಚ್ಚಿ, ಏನೋ ಮಣಮಣ ಅನ್ನುತ್ತಾನೆ.

"ಏನ್ ಮಾಡ್ತಾನೆ?" ಅತ್ತೆ ಕೇಳಿದರು.

"ಪೂಜೆ ಅತ್ತೆ. ಅದಿಲ್ದೆ ಅವರು ಏನೂ ಶುರು ಮಾಡಲ್ಲ."

ಅಷ್ಟರಲ್ಲಿ ಅವನು ಬಾಯಿ ತೆರೆದು ಬೆಂಕಿ ಉಗುಳಿದ. ಎದುರಿಗಿದ್ದ ಕಾಡು ಹೊತ್ತಿಕೊಂಡಿತು.

"ಪೂಜೆ ಮಾಡಿದೋನ ಬಾಯಿಂದ ಬೆಂಕಿ ಯಾಕ್ ಬಂತು?"

"ನಿಷ್ಠೆ ಅತ್ತೆ."

ಅತ್ತೆ ಟೀವಿಗೇ ಕೈಮುಗಿದು ಮಗಳ ಕಡೆ ತಿರುಗಿದರು. "ನೋಡ್ಕೋ. ನೀನು ವಿಭೂತಿ ಹಚ್ಕೊಳ್ಳೋಕೇ ಮುಖ ಸೊಟ್ಟ ಮಾಡ್ತೀಯ."

ಅವರಿಗೆ ಕತ್ತಿ, ರಕ್ತ ಯಾವುದೂ ತೊಂದರೆ ಕೊಡಲಿಲ್ಲ. ಎಂಟು ಗಂಟೆಯ ಧಾರಾವಾಹಿಯಲ್ಲಿ ಇದೇ ವಾರ ಅತ್ತೆಯೊಬ್ಬಳು ಸೊಸೆಯ ಪಾಯಸಕ್ಕೆ ವಿಷ ಹಾಕಿದ್ದಳು. ಅದನ್ನು ನಾವೆಲ್ಲ ತಟ್ಟೆ ಹಿಡಿದುಕೊಂಡೇ ನೋಡಿದ್ದೆವು. ಅದು ಮಕ್ಕಳಿಗೆ ತಕ್ಕದ್ದಾ ಎಂದು ಯಾರೂ ಕೇಳಿರಲಿಲ್ಲ. ನಿಂಜಾಗಳ ಮೇಲೆ ಅತ್ತೆಯ ದೂರು ಒಂದೇ: "ಹಂಗೆ ಮಾಳಿಗೆ ಮೇಲೆ ಓಡ್ತಾರಲ್ಲ, ಯಾರಾದ್ರೂ ಸಂಡಿಗೆ ಒಣಗಾಕಿದ್ರೆ?"

ಬೀಗರು

ಕೊನೆಗೆ ಕಷ್ಟಕ್ಕೆ ಬಂತು. ಕಪ್ಪಂಗಿಯವನು, ನೀಲಿಯಂಗಿಯವನು ಎಂದು ಇಬ್ಬರು. ಮೂರು ದಿನದಿಂದ ಒಂದೇ ಬಂಡೆಯ ಮೇಲೆ ನಿಂತು ಒಬ್ಬರನ್ನೊಬ್ಬರು ಕೊಲ್ಲುತ್ತೇನೆ ಅನ್ನುತ್ತಿದ್ದಾರೆ. ಇದಕ್ಕೆ ಒಳ್ಳೆಯ ಅರ್ಥ ಎಲ್ಲಿಂದ ತರಲಿ? ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ನಿನ್ ತಂಗೀನ ನಮ್ಮನೆಗೆ ಕೊಡು ಅಂತ ಕೇಳ್ತಾನೆ ಅತ್ತೆ."

"ಕತ್ತಿ ಹಿಡ್ಕೊಂಡಾ?"

"ಅವರಲ್ಲಿ ಅದೇ ಪದ್ಧತಿ."

ಪದ್ಧತಿ ಅಂದ ಕೂಡಲೇ ಅತ್ತೆ ತೆಪ್ಪಗಾದರು. ನನ್ನ ಬಾಯಿ ಮುಚ್ಚಿಸಲು ಅವರೂ ಅದೇ ಮಾತನ್ನೇ ಬಳಸುವುದು.

ವಾರದ ಕೊನೆಗೆ ಪಕ್ಕದ ಮನೆಯಾಕೆ ತೀರ್ಪು ಕೇಳಲು ಬಂದು ಅತ್ತೆಯ ಪಕ್ಕದಲ್ಲೇ ಕೂತಳು. ಪರದೆಯ ಮೇಲೆ ಕಪ್ಪಂಗಿಯವನು ಕತ್ತಿ ಎತ್ತಿ ಅರಚಿದ, "ಈ ರೋಜು ನಿನ್ನು ಚಂಪೇಸ್ತಾ." ಇವತ್ತು ನಿನ್ನನ್ನು ಕೊಂದೇಬಿಡ್ತೀನಿ ಎಂದು ಅರ್ಥ.

ಅತ್ತೆ ಆಕೆಗೆ ತಿಳಿಸಿ ಹೇಳಿದರು. "ಜಗಳ ಅಲ್ಲವ್ವ ಇದು. ಹೆಣ್ಣು ಕೇಳೋಕೆ ಬಂದಾನೆ."

ಆಕೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ನಮ್ಮ ಟೀವಿಯ ಹಿಂದಿನಿಂದ ಕಿಟಕಿ ದಾಟಿ ಅವಳ ಮನೆಗೆ ಹೋಗುವ ಕರಿ ವೈರನ್ನು ಮಾತ್ರ ನೋಡಿದೆ. ಅವಳೂ ನೋಡಿದಳು. ಪಾಯಸ ಕುಡಿದ ಸೊಸೆ ಬದುಕುತ್ತಾಳೋ ಸಾಯುತ್ತಾಳೋ ಅನ್ನುವುದು ಅವತ್ತು ಎಂಟು ಗಂಟೆಗೆ ಗೊತ್ತಾಗಬೇಕಿತ್ತು.

ಆಕೆ ಅತ್ತೆಯ ಕಡೆ ತಿರುಗಿದಳು. "ಹೌದ್ರಿ ಅಮ್ಮಾರೆ. ಬಂಗಾರ ಎಷ್ಟು ಹಾಕ್ತೀರಿ ಅಂತ ಕೇಳ್ತಾನೆ ನೀಲಿಯಂಗಿ. ಮಾತು ಸ್ವಲ್ಪ ಬಿಗಿ ಐತೆ ಅಷ್ಟೆ."

ಸುಳ್ಳಿನಲ್ಲಿ ಆಕೆ ನನಗಿಂತ ಒಂದು ಕ್ಲಾಸು ಮುಂದಿದ್ದಳು.

"ಮತ್ತೆ ನಿನ್ ಮಗನ ಕೈ?" ಅತ್ತೆ ಕೇಳಿದರು.

"ಅವ್ನು ಮೊದ್ಲಿಂದ್ಲೂ ನೆಟ್ಟಗೆ ನಡೆಯೋನಲ್ಲ ಬಿಡ್ರಿ."

ಅತ್ತೆ ತೀರ್ಪು ಕೊಟ್ಟರು. "ಸಂಬಂಧದ ಕತೆ. ತಪ್ಪೇನೂ ಇಲ್ಲ. ಮಕ್ಳು ನೋಡ್ಲಿ, ನಾಳೆ ಅವರಿಗೂ ಬೇಕಾಗ್ತೈತೆ."

ವೈರು ಉಳಿಯಿತು. ಅತ್ತೆ ಎದ್ದು ಒಳಗೆ ಹೊರಟವರು ಹೊಸಿಲ ಹತ್ತಿರ ತಿರುಗಿ ನಿಂತು ಒಂದು ಮಾತು ಕೇಳಿದರು.

"ಅಲ್ಲ ಕಣೇ, ಇಷ್ಟ್ ದಿನದಿಂದ ಇವರಿವರೇ ಹಾರಾಡ್ತಾರಲ್ಲ, ಆ ಹುಡುಗೀನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?"